ಕಾವಿ ಫಲಕ ಮಾಡಿದ ದಾಖಲೆ: ಎರಡೇ ಬಣ್ಣದಲ್ಲಿ ರೇಖೆ, ಆಕಾರ, ಹಿನ್ನೆಲೆ, ಲಯ

ಚಿತ್ರಕಲೆಯ ಪಾಠ ಶುರುವಾಗುವುದೇ ರೇಖೆ, ಆಕಾರ, ಛಾಯೆ, ಮೈವಳಿಕೆ, ಲಯ, ಸಮತೋಲನ ಎಂಬ ಪದಗಳಿಂದ. ಓದುವಾಗ ಎಲ್ಲವೂ ತಿಳಿದಂತೆ ಅನಿಸುತ್ತದೆ. ಒಂದು ಚಿತ್ರದ ಮುಂದೆ ನಿಂತಾಗ ಮಾತ್ರ ಯಾವ ಪದವನ್ನು ಎಲ್ಲಿ ಹುಡುಕಬೇಕು ಎಂದು ಗೊತ್ತಾಗುವುದಿಲ್ಲ. ಈ ಪದಗಳನ್ನು ಕೈಯಿಂದಲೇ ಕಲಿಯಬೇಕು ಎನ್ನುವವರಿಗೆ ನಮ್ಮ ಕರಾವಳಿಯ ಕಾವಿ ಕಲೆಗಿಂತ ಒಳ್ಳೆಯ ಮೇಷ್ಟ್ರಿಲ್ಲ. ಅದರಲ್ಲಿ ಇರುವುದು ಕೆಂಪು ಮತ್ತು ಬಿಳಿ, ಎರಡೇ ಬಣ್ಣ. ಕುಂಚವಿಲ್ಲ, ನೆರಳು ಬಳಿಯುವಂತಿಲ್ಲ, ತಪ್ಪಿದರೆ ಅಳಿಸುವಂತಿಲ್ಲ. ಹಾಗಾಗಿ ಗೆರೆ ದುರ್ಬಲವಾದರೆ, ಖಾಲಿ ಜಾಗ ಹೆಚ್ಚಾದರೆ, ಲಯ ತಪ್ಪಿದರೆ ಅದು ನೇರವಾಗಿ ಗೋಡೆಯ ಮೇಲೆ ಕಾಣುತ್ತದೆ.

ಗೋವಾದಿಂದ ಹಿಡಿದು ಕಾರವಾರ, ಅಂಕೋಲಾ, ಕುಮಟಾ, ಭಟ್ಕಳದವರೆಗೆ ಹಳೆಯ ದೇವಸ್ಥಾನಗಳಲ್ಲಿ, ಕೆಲವು ಮನೆಗಳಲ್ಲಿ ಈ ಕೆಲಸವಿತ್ತು. ಘಟ್ಟದ ಮೇಲೆ ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲೂ ಇದೆ. ಹೊನ್ನಾವರದ ಕೃಷ್ಣಾನಂದ ಕಾಮತರು (1934–2002) ಇದನ್ನು ಫೋಟೋ ತೆಗೆದು, ಬರೆದು ದಾಖಲಿಸಿದ್ದರಿಂದ ಇಂದಿನವರಿಗೆ ಇಷ್ಟಾದರೂ ಗೊತ್ತಿದೆ. ಬಿಳಿ ಸುಣ್ಣದ ಗಾರೆಯ ಮೇಲೆ ತೆಳುವಾಗಿ ಕೆಮ್ಮಣ್ಣಿನ ಲೇಪ ಕೊಟ್ಟು, ಅದು ಹಸಿಯಿರುವಾಗಲೇ ಬೇಡದ ಕೆಂಪನ್ನು ಹೆರೆದು ಬಿಳಿಯನ್ನು ಹೊರಗೆ ತರುವುದು ಇದರ ತಿರುಳು. ಇಲ್ಲಿ ಬರೆದಿರುವುದು ಕುಮಟಾ ಕಡೆಯ ಒಂದು ಚಿರೆಕಲ್ಲಿನ (ಜಂಬಿಟ್ಟಿಗೆ ಕಲ್ಲು) ಗೋಡೆಯ ಮೇಲೆ 60×60 ಸೆಂಟಿಮೀಟರ್ ಅಭ್ಯಾಸ ಫಲಕ ಮಾಡಿದ ಕ್ರಮ.

ಸುಣ್ಣ ಮತ್ತು ಹೊಯ್ಗೆ (ಮರಳು)

ಕೆಲಸದ ಅರ್ಧ ಯಶಸ್ಸು ಸುಣ್ಣದಲ್ಲಿದೆ. ಅಂಗಡಿಯಲ್ಲಿ ಸಿಗುವ ಪುಡಿ ಸುಣ್ಣ ಎಷ್ಟು ಹಳೆಯದೋ ತಿಳಿಯದು. ಗಾಳಿಯಲ್ಲಿ ಅದಾಗಲೇ ಅರ್ಧ ಸತ್ತಿದ್ದರೆ ಗಾರೆ ಹಿಡಿಯುವುದಿಲ್ಲ. ಸುಟ್ಟ ಚಿಪ್ಪನ್ನೇ ತಂದು ಮನೆಯಲ್ಲಿ ನೀರಿನಲ್ಲಿ ಅರಳಿಸುವುದು ಸರಿಯಾದ ದಾರಿ. ಅಘನಾಶಿನಿ ಅಳಿವೆಯ ಚಿಪ್ಪು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಚಿಪ್ಪು ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. 900 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರಿಗೆ ಹಾಕಿದರೆ ಅರಳಿದ ಸುಣ್ಣ. ಗೋಡೆಗೆ ಹಚ್ಚಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಮತ್ತೆ ಎಳೆದುಕೊಂಡು ಪುನಃ ಚಿಪ್ಪಿನಂತಹುದೇ ಕಲ್ಲಾಗುತ್ತದೆ. ಕೆಂಪು ಕಣಗಳು ಗೋಡೆಗೆ ಅಂಟಿಕೊಂಡು ಉಳಿಯುವುದು ಈ ಕಲ್ಲಾಗುವಿಕೆಯಿಂದ. ಬೇರೆ ಅಂಟು ಬೇಕಿಲ್ಲ.

ಈ ಅಳತೆಯ ಫಲಕಕ್ಕೆ 2.5 ಕಿಲೋ ಸುಟ್ಟ ಚಿಪ್ಪು ಸಾಕು. ಕಬ್ಬಿಣದ ಅಥವಾ ದಪ್ಪ ಸ್ಟೀಲಿನ ಪಾತ್ರೆಯಲ್ಲಿ ಮೊದಲು 8 ಲೀಟರ್ ನೀರು ಹಾಕಿ, ಅದಕ್ಕೆ ಸುಣ್ಣವನ್ನು ಸ್ವಲ್ಪಸ್ವಲ್ಪವೇ ಬಿಡಬೇಕು. ಸುಣ್ಣದ ಮೇಲೆ ನೀರು ಸುರಿಯಬಾರದು, ಕುದಿದು ಮುಖಕ್ಕೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಆ ಬಿಸಿಗೆ ಮೆತ್ತಗಾಗುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನು ದೂರವಿಡಿ. ಕಣ್ಣಿಗೆ ಬಿದ್ದರೆ ಉಜ್ಜದೆ ಶುದ್ಧ ನೀರಿನಲ್ಲಿ ತುಂಬ ಹೊತ್ತು ತೊಳೆದು ನೇರ ಡಾಕ್ಟರ ಬಳಿಗೆ ಹೋಗಬೇಕು.

ತಣಿದ ಮೇಲೆ 1 ಮಿಲಿಮೀಟರ್ ಜರಡಿಯಲ್ಲಿ ಸೋಸಿ. ಸರಿಯಾಗಿ ಸುಡದ, ಅರಳದ ಚೂರುಗಳು ಮೇಲೆ ಉಳಿಯುತ್ತವೆ. ಅವನ್ನು ಬಿಸಾಡದೆ ಹಾಗೇ ಬಿಟ್ಟರೆ ಗೋಡೆ ಒಣಗಿದ ಎಷ್ಟೋ ದಿನದ ಮೇಲೆ ಒಳಗೆ ಅರಳಿ, ಚಿತ್ರದ ನಡುವೆ ಗುಳಿ ಹಾರಿಸುತ್ತವೆ. ಸೋಸಿದ್ದನ್ನು ಮೇಲೆ ಎರಡು ಬೆರಳು ನೀರು ನಿಲ್ಲುವಂತೆ ಮುಚ್ಚಿ ಕನಿಷ್ಠ 15 ದಿನ ಇಡಬೇಕು. ಇನ್ನೂ ಹೆಚ್ಚು ಇಟ್ಟಷ್ಟೂ ಒಳ್ಳೆಯದೇ. ಕೊನೆಗೆ ಸುಮಾರು 5 ಲೀಟರ್ ಬೆಣ್ಣೆಯ ಹದದ ಸುಣ್ಣ ಸಿಗುತ್ತದೆ.

ಹೊಯ್ಗೆ ಸಿಹಿನೀರಿನ ಹೊಳೆಯದ್ದೇ ಆಗಬೇಕು. ಕಾಳಿಯಾಗಲಿ ಅಘನಾಶಿನಿಯಾಗಲಿ, ಕಡಲಿನ ನೀರು ಏರಿ ಬರುವ ಜಾಗದ ಹೊಯ್ಗೆಯಲ್ಲಿ ಉಪ್ಪಿರುತ್ತದೆ. ನೀರು ತಿಳಿಯಾಗುವವರೆಗೆ ಹಲವು ಸಲ ತೊಳೆಯಿರಿ. ಕೊನೆಯ ನೀರನ್ನು ಒಂದು ಚಮಚ ಕಪ್ಪು ಬಾಣಲೆಯ ಮೇಲೆ ಬಿಟ್ಟು ಆರಿಸಿದರೆ ಬಿಳಿ ಕಲೆ ಉಳಿಯಿತೋ ಇಲ್ಲವೋ ಎನ್ನುವುದೇ ಪರೀಕ್ಷೆ. ಉಳಿದರೆ ಮತ್ತೆ ತೊಳೆಯಬೇಕು.

ಗಾರೆಯ ಅಳತೆ ಹೀಗಿದೆ. ತಳದ ಪದರಕ್ಕೆ 3 ಮಿ.ಮೀ. ಒಳಗಿನ ದಪ್ಪ ಹೊಯ್ಗೆ 6 ಲೀಟರ್, ಸುಣ್ಣ 2 ಲೀಟರ್. ಸುಣ್ಣ ಕಣಗಳ ಸಂದಿನಲ್ಲಿ ಕೂರುವುದರಿಂದ ಎರಡೂ ಸೇರಿ 8 ಲೀಟರ್ ಆಗುವುದಿಲ್ಲ, 6ಕ್ಕೆ ಸ್ವಲ್ಪ ಮೇಲೆ ನಿಲ್ಲುತ್ತದೆ. ಬಿಳಿ ಪದರಕ್ಕೆ 1 ಮಿ.ಮೀ. ಜರಡಿಯಲ್ಲಿ ಇಳಿದ ಹೊಯ್ಗೆ 1.5 ಲೀಟರ್, ಸುಡದ ಚಿಪ್ಪನ್ನು ತೊಳೆದು ಕುಟ್ಟಿದ ಪುಡಿ 1.5 ಲೀಟರ್, ಸುಣ್ಣ 1.5 ಲೀಟರ್. ಬರೀ ಹೊಯ್ಗೆ ಹಾಕಿದರೆ ಬಿಳಿ ಮಾಸಲಾಗಿ ಕಾಣುತ್ತದೆ, ಅದಕ್ಕೇ ಈ ಚಿಪ್ಪಿನ ಪುಡಿ. ಕಲಸುವ ನೀರು 2 ಲೀಟರಿಗೆ 100 ಗ್ರಾಂ ಜೋನಿ ಬೆಲ್ಲ (ದ್ರವರೂಪದ ಬೆಲ್ಲ) ಕದಡಿಕೊಂಡು, ಬೇಕಾದಷ್ಟೇ ಬಳಸಿ. ಸಕ್ಕರೆಯ ಅಂಶವಿದ್ದರೆ ಸುಣ್ಣ ನೀರಿನಲ್ಲಿ ಹೆಚ್ಚು ಕರಗುತ್ತದೆ, ಕಡಿಮೆ ನೀರಿನಲ್ಲಿ ಗಾರೆ ಹದಕ್ಕೆ ಬರುತ್ತದೆ. ಬೆಲ್ಲ ಹೆಚ್ಚಾದರೆ ಗಾರೆ ಗಟ್ಟಿಯಾಗುವುದೇ ಇಲ್ಲ, ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತದೆ.

ನಕ್ಷೆ: ಯಾವುದು ಚಿತ್ರ, ಯಾವುದು ಹಿನ್ನೆಲೆ

ಸುಣ್ಣ ಕೊಳೆಯುತ್ತಿರುವ ದಿನಗಳಲ್ಲಿ ನಕ್ಷೆ ಮುಗಿಸಬೇಕು. ಹಸಿ ಗೋಡೆಯ ಮುಂದೆ ಯೋಚಿಸಲು ಸಮಯ ಸಿಗುವುದಿಲ್ಲ.

60 ಸೆಂ.ಮೀ. ಚೌಕದ ಸುತ್ತ 1 ಸೆಂ.ಮೀ. ಕೆಂಪು ಪಟ್ಟಿ, ಅದರೊಳಗೆ 7 ಸೆಂ.ಮೀ. ಅಗಲದ ಅಂಚು, ನಡುವೆ 44 ಸೆಂ.ಮೀ. ಅಂಕಣ. ಅಂಕಣದಲ್ಲಿ 18 ಸೆಂ.ಮೀ. ತ್ರಿಜ್ಯದ ವೃತ್ತದೊಳಗೆ ಎಂಟು ದಳದ ತಾವರೆ. ಹೀಗೆ ಭಾಗ ಮಾಡಿಕೊಳ್ಳುವುದರ ಹೆಸರೇ ಸಂಯೋಜನೆ: ಕಣ್ಣು ಮೊದಲು ಎಲ್ಲಿಗೆ ಹೋಗಬೇಕು, ಆಮೇಲೆ ಎಲ್ಲಿ ಸುತ್ತಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಮೊದಲೇ ತೀರ್ಮಾನಿಸುವುದು. ತಾವರೆಗೂ ಅಂಚಿಗೂ ನಡುವೆ ನಾಲ್ಕೂ ಕಡೆ 4 ಸೆಂ.ಮೀ. ಖಾಲಿ ಬಿಟ್ಟಿದ್ದು ಅದಕ್ಕಾಗಿಯೇ. ಅಲ್ಲಿಗೂ ಎಲೆ ಬಳ್ಳಿ ತುಂಬಿದ್ದರೆ ತಾವರೆ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ಖಾಲಿ ಜಾಗವೂ ಆಕಾರವೇ, ಅದಕ್ಕೂ ಅಂಚಿದೆ, ಅಳತೆಯಿದೆ. ನಕ್ಷೆ ತಿದ್ದುವಾಗ ತಾವರೆಯನ್ನು ಬಿಟ್ಟು ಅದರ ಸುತ್ತಲಿನ ಬಿಳಿಯನ್ನೇ ನೋಡುವ ಅಭ್ಯಾಸ ಮಾಡಿಕೊಳ್ಳಿ. ದಳ ಓರೆಯಾಗಿದ್ದರೆ ಮೊದಲು ಗೊತ್ತಾಗುವುದು ಆ ಬಿಳಿಯಲ್ಲಿ.

ಆಕೃತಿ ಮತ್ತು ಹಿನ್ನೆಲೆ ಎಂಬ ಜೋಡಿ ಪದ ಇಲ್ಲಿ ಕೈಗೆ ಸಿಗುವ ವಸ್ತುವಾಗುತ್ತದೆ. ತಾವರೆ ಕೆಂಪಾಗಿ ಉಳಿಯಬೇಕೆಂದರೆ ಸುತ್ತಲಿನದನ್ನು ಹೆರೆಯಬೇಕು. ಬಿಳಿಯಾಗಬೇಕೆಂದರೆ ತಾವರೆಯನ್ನೇ ಹೆರೆಯಬೇಕು. ಈ ಫಲಕದಲ್ಲಿ ಎರಡನ್ನೂ ಬೇಕೆಂದೇ ಇಟ್ಟಿದೆ: ನಡುವೆ ಬಿಳಿಯ ಮೇಲೆ ಕೆಂಪು ತಾವರೆ, ಅಂಚಿನಲ್ಲಿ ಕೆಂಪಿನ ಮೇಲೆ ಬಿಳಿ ಬಳ್ಳಿ. ಇಟಲಿಯ ಫ್ಲಾರೆನ್ಸಿನ ಹಳೆಯ ಮನೆಗಳ ಮುಂಗೋಡೆಯಲ್ಲಿ ಸ್ಗ್ರಾಫಿಟೊ ಎಂಬ ಇಂಥದ್ದೇ ಕೆಲಸವಿದೆ. ಅಲ್ಲಿ ತಳದ ಗಾರೆ ಕಪ್ಪು, ಮೇಲಿನ ಲೇಪ ಬಿಳಿ, ಗೀರಿದಾಗ ಕಾಣುವುದು ಕಪ್ಪು. ನಮ್ಮಲ್ಲಿ ಗೀರಿದಷ್ಟೂ ಬೆಳಕು ಬರುತ್ತದೆ, ಅವರಲ್ಲಿ ಗೀರಿದಷ್ಟೂ ಕತ್ತಲು. ಇದರಿಂದ ಕೆಲಸಗಾರನ ಕೈ ಬೇರೆಯಾಗುತ್ತದೆ: ಅವರದ್ದು ಕಾಗದದ ಮೇಲೆ ಕಪ್ಪು ಗೆರೆ ಎಳೆದಂತೆ ಸಾಗಿದರೆ, ಕಾವಿಯಲ್ಲಿ ಬೆಳಕನ್ನು ಎಷ್ಟು ಬಿಡಬೇಕು ಎಂದೇ ಯೋಚಿಸಬೇಕು.

ಅಂಚಿನ ನಾಲ್ಕು ಮೂಲೆಗಳ 7 ಸೆಂ.ಮೀ. ಚೌಕಗಳಲ್ಲಿ ಒಂದು ಸಣ್ಣ ಪಾಠವಿದೆ. ಪ್ರತಿ ಬದಿಯ ನಡುಬಿಂದುವಿನಲ್ಲಿ ಕೈವಾರ ಊರಿ 3.5 ಸೆಂ.ಮೀ. ತ್ರಿಜ್ಯದ ಅರ್ಧವೃತ್ತ ಎಳೆದರೆ, ಅವು ಒಂದರ ಮೇಲೊಂದು ಬಂದಲ್ಲಿ ನಾಲ್ಕು ಎಸಳಿನ ಹೂವು ತಾನಾಗಿ ಮೂಡುತ್ತದೆ. ಚೌಕದ 49 ಚದರ ಸೆಂ.ಮೀ.ನಲ್ಲಿ ಎಸಳುಗಳಿಗೆ 28, ಉಳಿದ ತುಂಡುಗಳಿಗೆ 21. ಎರಡೂ ಹತ್ತಿರಹತ್ತಿರ ಸಮ ಇರುವುದರಿಂದ ಕಣ್ಣು ಒಮ್ಮೆ ಬಿಳಿ ಎಸಳನ್ನು ಹಿಡಿಯುತ್ತದೆ, ಇನ್ನೊಮ್ಮೆ ಕೆಂಪು ತುಂಡನ್ನು. ಡೆನ್ಮಾರ್ಕಿನ ಮನಶ್ಶಾಸ್ತ್ರಜ್ಞ ಎಡ್ಗರ್ ರೂಬಿನ್ 1915ರಲ್ಲಿ ಹೂದಾನಿಯೋ ಎರಡು ಮುಖವೋ ಎನ್ನುವ ಚಿತ್ರದಿಂದ ತೋರಿಸಿದ್ದು ಇದನ್ನೇ. ಒಂದು ಕಾಲಕ್ಕೆ ಒಂದೇ ಆಕೃತಿ, ಇನ್ನೊಂದು ಹಿಂದೆ ಸರಿಯುತ್ತದೆ. ಫಲಕ ಪೂರ್ತಿ ಹೀಗೇ ಮಾಡಿದರೆ ಕಣ್ಣಿಗೆ ದಣಿವು. ಮೂಲೆಯಲ್ಲಿ ಮಾತ್ರ ಇದ್ದರೆ ಅಂಚಿಗೆ ಜೀವ ಬರುತ್ತದೆ.

ಲಯದ ಲೆಕ್ಕ ಅಂಚಿನ ಬಳ್ಳಿಯಲ್ಲಿದೆ. ಮೂಲೆ ಬಿಟ್ಟರೆ ಪ್ರತಿ ಬದಿ 44 ಸೆಂ.ಮೀ. ಬಳ್ಳಿಯ ಒಂದು ಅಲೆ 11 ಸೆಂ.ಮೀ. ಇಟ್ಟರೆ ಬದಿಗೆ ಸರಿಯಾಗಿ ನಾಲ್ಕು ಅಲೆ, ಅಲೆಯ ಪ್ರತಿ ಅರ್ಧದಲ್ಲಿ ಒಂದರಂತೆ ಎಂಟು ಎಲೆ. ಚೆಂದ ಕಾಣುತ್ತದೆಂದು 12 ಸೆಂ.ಮೀ. ಅಲೆ ಹಿಡಿದರೆ ಮೂಲೆಗೆ ಬರುವಾಗ ಮೂರು ಮುಗಿದು ನಾಲ್ಕನೆಯದು ತುಂಡಾಗುತ್ತದೆ. ಹಳೆಯ ಗೋಡೆಗಳಲ್ಲಿ ಮೂಲೆಯ ಹತ್ತಿರ ಅಲೆ ಸ್ವಲ್ಪ ಕುಗ್ಗಿಯೋ ಹಿಗ್ಗಿಯೋ ಇದ್ದರೆ, ಕೆಲಸಗಾರ ಉಳಿದ ಜಾಗವನ್ನು ಕಣ್ಣಳತೆಯಲ್ಲಿ ಹಂಚಿಕೊಂಡಿದ್ದಾನೆ ಎಂದು ತಿಳಿಯಬಹುದು. ಅದು ದೋಷವಲ್ಲ. ಅಚ್ಚಿನಲ್ಲಿ ಒತ್ತಿದ ಬಳ್ಳಿಗೆ ಇಲ್ಲದ ಉಸಿರು ಅದಕ್ಕಿರುತ್ತದೆ.

ಬಳ್ಳಿ ಯಾವ ಕಡೆಗೆ ಓಡಬೇಕು? ಬದಿಯ ನಡುವಿನಿಂದ ಎರಡೂ ಕಡೆಗೆ ಹರಿದರೆ ಕನ್ನಡಿಯ ಸಮ್ಮಿತಿ, ನೋಟ ಅಲ್ಲೇ ನಿಂತುಬಿಡುತ್ತದೆ. ನಾಲ್ಕೂ ಬದಿಯಲ್ಲಿ ಒಂದೇ ದಿಕ್ಕಿಗೆ ಹರಿದರೆ ಸುತ್ತುವ ಸಮ್ಮಿತಿ. ತಾವರೆ ತಾನೇ ನಿಶ್ಚಲವಾಗಿದ್ದರಿಂದ ಬಳ್ಳಿಯನ್ನು ಪ್ರದಕ್ಷಿಣೆಯ ದಿಕ್ಕಿಗೆ ಓಡಿಸಿದೆ. ಸಮತೋಲನ ಎಂದರೆ ಎರಡು ಬದಿ ಒಂದೇ ತೂಕ ಇರಬೇಕೆಂದಷ್ಟೇ ಅಲ್ಲ, ನಿಂತಿದ್ದಕ್ಕೆ ಓಡುವುದು ಎದುರು ತೂಕವಾಗಬಲ್ಲದು.

ತಾವರೆಯ ಅಳತೆ: ನಡುವಿನ ಮೊಗ್ಗಿನ ತ್ರಿಜ್ಯ 4 ಸೆಂ.ಮೀ. ದಳದ ಅತಿ ಅಗಲದ ಜಾಗ ಕೇಂದ್ರದಿಂದ 11 ಸೆಂ.ಮೀ. ದೂರದಲ್ಲಿ. ಅಲ್ಲಿ ಒಂದು ದಳದ ಪಾಲಿಗೆ ಬರುವುದು 8.6 ಸೆಂ.ಮೀ. ದಳಕ್ಕೆ 7 ಇಟ್ಟು 1.6 ಸೆಂ.ಮೀ. ಬಿಳಿ ಸಂದು ಬಿಟ್ಟಿದೆ. ಸಂದು ಇದಕ್ಕಿಂತ ಕಿರಿದಾದರೆ ದೂರದಿಂದ ಎಂಟು ದಳ ಸೇರಿ ಒಂದೇ ಕೆಂಪು ಚಕ್ರವಾಗುತ್ತದೆ.

ಕೆಂಪಿನ ಹದ

ಕೆಮ್ಮಣ್ಣನ್ನು ನುಣ್ಣಗೆ ಅರೆದು ತೆಳು ಬಟ್ಟೆಯಲ್ಲಿ ಸೋಸಿ. ಹುರಮಂಜಿ ಎಂಬ ಕಡುಗೆಂಪು ಮಣ್ಣು ಸಿಕ್ಕರೆ ಅದನ್ನೇ ಬಳಸಿ. ಈ ಕೆಂಪು ಕಬ್ಬಿಣದ ಆಕ್ಸೈಡಿನಿಂದ ಬಂದದ್ದು, ಸುಣ್ಣದ ಕ್ಷಾರಕ್ಕೆ ಜಗ್ಗುವುದಿಲ್ಲ, ಬಿಸಿಲಿಗೂ ಮಾಸುವುದಿಲ್ಲ. ಎಲ್ಲ ಬಣ್ಣಕ್ಕೂ ಆ ಗಟ್ಟಿತನವಿಲ್ಲ. ಅರಿಸಿನಕ್ಕೆ ಸುಣ್ಣ ತಾಗಿದ ಕೂಡಲೇ ಅದು ಕೆಂಪಗಾಗುವುದನ್ನು ಎಲ್ಲರೂ ನೋಡಿದ್ದೇವೆ, ಆ ಕೆಂಪು ಗೋಡೆಯ ಮೇಲೆ ಬಾಳುವಂಥದ್ದಲ್ಲ.

ಲೇಪಕ್ಕೆ ಸುಣ್ಣ ಎಷ್ಟು, ಕೆಂಪು ಎಷ್ಟು ಎಂಬುದನ್ನು ಮಣ್ಣಿನ ಹಂಚಿನ ಮೇಲೆ ಪರೀಕ್ಷಿಸಿಯೇ ತೀರ್ಮಾನಿಸಬೇಕು, ಏಕೆಂದರೆ ಒಂದೊಂದು ಕಡೆಯ ಮಣ್ಣಿನ ಬಲ ಒಂದೊಂದು. ಸುಣ್ಣ–ಕೆಂಪು 3:1, 2:1, 1:1 ಹೀಗೆ ಮೂರು ಪಟ್ಟಿ ಹಚ್ಚಿ ಪೂರ್ತಿ ಒಣಗಲು ಬಿಡಿ. ಹಸಿಯಲ್ಲಿ ಮೂರೂ ಕಡು ಕೆಂಪಾಗಿಯೇ ಕಾಣುತ್ತವೆ. ಒಣಗಿದ ಮೇಲೆ 3:1 ಗುಲಾಬಿಗೆ ತಿರುಗುತ್ತದೆ, ಸುಣ್ಣವೇ ಬಿಳಿಯಲ್ಲವೇ. 1:1 ಒಳ್ಳೆಯ ಕೆಂಪು, ಆದರೆ ಬೆರಳಿಗೆ ಪುಡಿ ಹತ್ತುತ್ತದೆಯೇ ನೋಡಿ. ಹತ್ತಿದರೆ ಕಣಗಳನ್ನು ಹಿಡಿಯಲು ಸುಣ್ಣ ಸಾಲದೆಂದು ಅರ್ಥ. ಈ ಫಲಕಕ್ಕೆ ನಡುವಿನ 3:2 ಹಿಡಿಯಿತು: ಸುಣ್ಣ 300 ಮಿಲಿಲೀಟರ್, ಕೆಂಪು ಪುಡಿ 200, ಅತಿ ನುಣ್ಣನೆಯ ಹೊಯ್ಗೆ 100.

ಇಲ್ಲಿ ಛಾಯೆ ಎಂಬ ಪದವನ್ನು ವರ್ಣದಿಂದ ಬೇರ್ಪಡಿಸಿ ಕಲಿಯಬಹುದು. ವರ್ಣ ಎಂದರೆ ಕೆಂಪೋ ಹಳದಿಯೋ ಎಂಬುದು. ಛಾಯೆ ಎಂದರೆ ಅದು ಎಷ್ಟು ಗಾಢ, ಎಷ್ಟು ತಿಳಿ ಎಂಬುದು. ಹಂಚಿನ ಪಟ್ಟಿಗಳನ್ನು ಮೊಬೈಲಿನಲ್ಲಿ ಕಪ್ಪು–ಬಿಳುಪು ಫೋಟೋ ತೆಗೆಯಿರಿ. ವರ್ಣ ಹೋಗಿ ಛಾಯೆ ಮಾತ್ರ ಉಳಿಯುತ್ತದೆ. ಬಣ್ಣದಲ್ಲಿ ಕಣ್ಣಿಗೆ ಹಿಡಿಸಿದ ಗುಲಾಬಿ ಪಟ್ಟಿ ಆ ಫೋಟೋದಲ್ಲಿ ಬಿಳಿ ಗಾರೆಗೆ ತೀರ ಹತ್ತಿರ ಬಂದು ನಿಂತಿರುತ್ತದೆ. ಆಕಾರವನ್ನು ಎತ್ತಿ ತೋರಿಸುವುದು ಛಾಯೆಯ ಅಂತರ. ಕಾವಿಯಲ್ಲಿ ಆ ಅಂತರ ಕಡಿಮೆಯಾದರೆ ಎಷ್ಟೇ ಒಳ್ಳೆಯ ಕೆತ್ತನೆಯೂ ಹತ್ತು ಹೆಜ್ಜೆ ಆಚೆಯಿಂದ ಮಂಕು.

ಗಾರೆ

ನವೆಂಬರಿನಿಂದ ಫೆಬ್ರವರಿವರೆಗೆ ಈ ಕೆಲಸಕ್ಕೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಗೋಡೆಯೊಳಗೇ ನೀರಿರುತ್ತದೆ. ಏಪ್ರಿಲ್‌–ಮೇನಲ್ಲಿ ಬಿಸಿಲು ಗಾರೆಯನ್ನು ಹಿಡಿಯುವ ಮೊದಲೇ ಒಣಗಿಸುತ್ತದೆ.

ಚಿರೆಕಲ್ಲನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಸಡಿಲ ಪುಡಿ ತೆಗೆದು, ಹಿಂದಿನ ಸಂಜೆ ಮತ್ತು ಬೆಳಿಗ್ಗೆ ನೀರು ಕುಡಿಸಿ. ಒಣ ಚಿರೆಕಲ್ಲು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ತಳದ ಪದರ 12 ಮಿ.ಮೀ. ಕರಣೆಯಿಂದ ಬಲವಾಗಿ ಎಸೆದು, ಮರದ ಹಲಗೆಯಿಂದ ಒತ್ತಿ, ಮೇಲೆ ಅಡ್ಡಡ್ಡ ಗೀರು ಹಾಕಿ ಬಿಡಿ. ಒದ್ದೆ ಗೋಣಿ ತೂಗುಹಾಕಿ ಒಂದು ವಾರ ನಿಧಾನ ಒಣಗಲಿ. ಗೋಣಿ ಗೋಡೆಗೆ ತಾಗಬಾರದು, ಕಲೆ ಬೀಳುತ್ತದೆ.

ಬಿಳಿ ಪದರ, ಕೆಂಪು ಲೇಪ, ಕೆತ್ತನೆ ಈ ಮೂರೂ ಒಂದೇ ದಿನದ ಕೆಲಸ. ಬೆಳಕು ಹರಿಯುವ ಹೊತ್ತಿಗೆ ಶುರುಮಾಡಿ, ಮಧ್ಯಾಹ್ನದ ಕಡಲಗಾಳಿ ಎದ್ದ ಮೇಲೆ ಗೋಡೆ ಕೈತಪ್ಪುತ್ತದೆ. ತಳಕ್ಕೆ ಮತ್ತೆ ನೀರು ಚಿಮುಕಿಸಿ 6 ಮಿ.ಮೀ. ಬಿಳಿ ಪದರ ಹಾಕಿ ಸಮ ಮಾಡಿ. ಬೆರಳು ಒತ್ತಿದರೆ ಗುರುತು ಬೀಳಬಾರದು, ಅಂಗೈ ಇಟ್ಟರೆ ತಂಪು ತಾಗಬೇಕು. ಆ ಹದಕ್ಕೆ ಬಂದಾಗ ಕೆಂಪು ಲೇಪವನ್ನು 1 ಮಿ.ಮೀ. ದಪ್ಪಕ್ಕೆ ಎರಡು ಸಲ ಎಳೆಯಿರಿ, ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ. ಸ್ಟೀಲ್ ಕರಣೆಯಿಂದ ಮತ್ತೆ ಮತ್ತೆ ತೀಡಬೇಡಿ. ತೀಡಿದಷ್ಟೂ ಸುಣ್ಣದ ನೀರು ಮೇಲೆ ಬಂದು, ಒಣಗಿದಾಗ ಕೆಂಪಿನ ಮೇಲೆ ಬಿಳಿ ಮಂಜು ಕವಿಯುತ್ತದೆ.

ಕೆತ್ತನೆ: ರೇಖೆ ಎಂದರೇನು

ಸಲಕರಣೆ ದೊಡ್ಡದೇನಿಲ್ಲ. ಗೋಣಿ ಹೊಲಿಯುವ ದಬ್ಬಣ, ತುದಿ ಚಪ್ಪಟೆ ಮಾಡಿ ಮಸೆದ ಸೈಕಲ್ ಕಡ್ಡಿ, ಓರೆಯಾಗಿ ಮಸೆದ ಹ್ಯಾಕ್ಸಾ ಬ್ಲೇಡಿನ ತುಂಡು, ಮೆತ್ತನೆ ಬ್ರಷ್, ಮರದ ರೀಪಿಗೆ ಎರಡು ಮೊಳೆ ಹೊಡೆದ ಕೈವಾರ. ದಾರದ ಕೈವಾರ ಬೇಡ, ಒದ್ದೆಗೆ ದಾರ ಹಿಗ್ಗಿ ವೃತ್ತ ಕೂಡುವುದಿಲ್ಲ. ಕೇಂದ್ರದ ಮೊಳೆಯ ಕೆಳಗೆ ತಗಡಿನ ಸಣ್ಣ ತುಂಡು ಇಟ್ಟರೆ ಹಸಿ ಗಾರೆಯಲ್ಲಿ ತೂತು ದೊಡ್ಡದಾಗುವುದಿಲ್ಲ.

ತಾವರೆಯನ್ನು ನೇರ ಕೈವಾರದಿಂದಲೇ ಎಳೆಯಬಹುದು. ಬಳ್ಳಿಗೆ ಮಾತ್ರ ತೆಳು ಕಾಗದದ ನಕ್ಷೆ ಬೇಕು. ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಗೋಡೆಗೆ ಹಿಡಿದು, ಸೀಮೆಸುಣ್ಣದ ಪುಡಿ ಕಟ್ಟಿದ ಬಟ್ಟೆಗಂಟಿನಿಂದ ತಟ್ಟಿದರೆ ಕೆಂಪಿನ ಮೇಲೆ ಬಿಳಿ ಚುಕ್ಕಿಸಾಲು ಬೀಳುತ್ತದೆ. ಒಂದೇ ಅಲೆಯ ನಕ್ಷೆಯನ್ನು ಹದಿನಾರು ಸಲ ಸರಿಸಿದರೆ ಅಂಚು ಪೂರ್ತಿ.

ಯಾವಾಗ ಕೆತ್ತಬೇಕು? ಹೆಬ್ಬೆರಳು ಒತ್ತಿದರೆ ಕೆಂಪು ಹತ್ತಬಾರದು, ದಬ್ಬಣ ಎಳೆದರೆ ಪುಡಿಯೂ ಆಗದೆ ಮೆತ್ತಿಕೊಳ್ಳದೆ ಸಣ್ಣ ಸುರುಳಿಯಾಗಿ ಎದ್ದುಬರಬೇಕು. ಮೊದಲೇ ಕೈ ಹಾಕಿದರೆ ಕೆಂಪು ಬಿಳಿಯ ಮೇಲೆ ಹಿಸುಕಿ ಗುಲಾಬಿ ಕಲೆಯಾಗುತ್ತದೆ, ಅದು ಹೋಗುವುದಿಲ್ಲ. ತಡವಾದರೆ ಅಂಚು ಚಕ್ಕೆಯಾಗಿ ಹಾರುತ್ತದೆ. ಮೊದಲು ನಡುವಿನ ತಾವರೆ, ಆಮೇಲೆ ಅಂಚು, ಅದುವರೆಗೆ ಅಂಚಿನ ಮುಂದೆ ಒದ್ದೆ ಗೋಣಿ ಇರಲಿ.

ಮೊದಲು ಗೆರೆಯನ್ನು ದಬ್ಬಣದಿಂದ ಕೊರೆದು, ಆಮೇಲೆ ಒಳಗಿನದನ್ನು ಬ್ಲೇಡಿನಿಂದ ಹೆರೆಯಿರಿ. ಆಳ 1.5 ಮಿ.ಮೀ. ಸಾಕು, ಕೆಂಪು ಹೋಗಿ ಬಿಳಿ ಚೊಕ್ಕವಾಗಿ ಕಾಣುವಷ್ಟು. ಕೆಂಪಿನ ಅಂಚು ನೇರ ಗೋಡೆಯಂತೆ ನಿಲ್ಲಬಾರದು, ಬಿಳಿಯ ಕಡೆಗೆ ಇಳಿಜಾರಾಗಿರಬೇಕು. ಬ್ಲೇಡನ್ನು 45 ಡಿಗ್ರಿ ಓರೆ ಹಿಡಿದರೆ ಅದು ತಾನಾಗಿ ಬರುತ್ತದೆ. ಒಳಗೆ ಕೊರೆದುಹೋದ ಅಂಚಿಗೆ ಆಸರೆಯಿಲ್ಲ, ನೀರೂ ನಿಲ್ಲುತ್ತದೆ, ಮೊದಲು ಉದುರುವುದು ಅದೇ.

ಈ ಕೆಲಸದಲ್ಲಿ ರೇಖೆಗೆ ಎರಡು ಜಾತಿ. ಹೆರೆದು ಮಾಡಿದ ಬಿಳಿ ರೇಖೆ 1.5 ಮಿ.ಮೀ.ನಷ್ಟು ತೆಳುವಾಗಿಯೂ ಬರುತ್ತದೆ. ಎರಡು ಕಡೆ ಹೆರೆದು ನಡುವೆ ಉಳಿಸಿದ ಕೆಂಪು ರೇಖೆ 4 ಮಿ.ಮೀ.ಗಿಂತ ಕಿರಿದಾದರೆ ನಿಲ್ಲುವುದಿಲ್ಲ, 1 ಮಿ.ಮೀ.ನ ಒಂದು ಹೊಯ್ಗೆಕಣ ಕಿತ್ತರೂ ರೇಖೆ ತುಂಡು. ಹಾಗಾಗಿ ಕಾವಿಯಲ್ಲಿ ಎಲೆಯ ನರ, ಸೀರೆಯ ನೆರಿಗೆ, ನವಿಲುಗರಿಯಂಥ ನವುರಾದದ್ದೆಲ್ಲ ಬಿಳಿ ರೇಖೆಗೆ, ಮೈಯ ಭಾರ ಹೊರುವುದೆಲ್ಲ ಕೆಂಪಿಗೆ. ಹಳೆಯ ಗೋಡೆಯ ಮುಂದೆ ನಿಂತಾಗ ಇದನ್ನು ನೆನಪಿಟ್ಟುಕೊಂಡರೆ ಕೆಲಸಗಾರನ ಅರ್ಧ ತೀರ್ಮಾನಗಳು ಓದಿಸಿಕೊಳ್ಳುತ್ತವೆ. ವಸ್ತುವಿನ ಗುಣವೇ ಶೈಲಿಯಾಗುವುದು ಹೀಗೆ.

ರೇಖೆಯ ದಪ್ಪಕ್ಕೆ ಇನ್ನೊಂದು ಕಟ್ಟು ನೋಡುವ ದೂರ. ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಸುಮಾರು ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲು. 2 ಮೀಟರಿನಿಂದ ನೋಡಿದರೆ ಅದು 0.6 ಮಿ.ಮೀ., 10 ಮೀಟರಿನಿಂದ 2.9 ಮಿ.ಮೀ. ಅಂಗಳದಾಚೆಯಿಂದ ನೋಡುವ ಎತ್ತರದ ಗೋಡೆಯಲ್ಲಿ 3 ಮಿ.ಮೀ. ಒಳಗಿನ ನಾಜೂಕು ಕೆಲಸ ಕೆಂಪಿನಲ್ಲಿ ಕರಗಿಹೋಗುತ್ತದೆ. ಅದೇ ಕರಗುವಿಕೆಯನ್ನು ಕೆಲಸಕ್ಕೆ ಬಳಸಲೂ ಬಹುದು. ದಳದ ಬುಡದಲ್ಲಿ 2 ಮಿ.ಮೀ. ಬಿಳಿ, 4 ಮಿ.ಮೀ. ಕೆಂಪು ಹೀಗೆ ಒತ್ತೊತ್ತಾಗಿ ಗೀರಿದರೆ ದೂರಕ್ಕೆ ಅಲ್ಲಿ ತಿಳಿಗೆಂಪಿನ ಮೂರನೆಯ ಛಾಯೆ ಕಾಣುತ್ತದೆ. ಹಾಗೆ ಬುಡದಿಂದ ತುದಿಗೆ ಗೀರು ವಿರಳವಾಗುತ್ತ ಹೋದರೆ ಚಪ್ಪಟೆ ದಳ ಉಬ್ಬಿದಂತೆ ತೋರುತ್ತದೆ. ಆಕಾರಕ್ಕೆ ಉದ್ದ ಅಗಲ ಮಾತ್ರ, ಘನರೂಪಕ್ಕೆ ಆಳವೂ ಉಂಟು. ಎರಡು ಬಣ್ಣದಲ್ಲಿ ಆ ಆಳವನ್ನು ತರಲು ಇರುವುದು ಗೀರಿನ ಒತ್ತು ಮತ್ತು ರೇಖೆಯ ದಪ್ಪ ಎರಡೇ. ಗೀರುಗಳು ದಳದ ಬಾಗಿಗೆ ಬಾಗಿರಬೇಕು. ನೇರ ಗೀರು ಹಾಕಿದರೆ ದಳ ಮತ್ತೆ ಚಪ್ಪಟೆಯಾಗಿಬಿಡುತ್ತದೆ.

ಹೆರೆದ ಪುಡಿಯನ್ನು ಬಾಯಿಂದ ಊದಬೇಡಿ. ಕಣ್ಣಿಗೆ ಸುಣ್ಣ, ಗೋಡೆಗೆ ಎಂಜಲು ಎರಡೂ ಬೇಡ. ಒಣ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಗುಡಿಸಿ.

ಮೆರುಗು, ಆರೈಕೆ

ಕೆತ್ತನೆ ಮುಗಿದ ಮೇಲೆ ಹೊಳೆಯ ನುಣ್ಣನೆ ಕಲ್ಲಿನಿಂದ ಕೆಂಪು ಭಾಗವನ್ನು ಮಾತ್ರ ಸಣ್ಣ ಸುತ್ತುಗಳಲ್ಲಿ ಉಜ್ಜಿ. ಅಂಚಿನಿಂದ 2 ಮಿ.ಮೀ. ದೂರದಲ್ಲೇ ನಿಲ್ಲಿಸಿ. ಕಣಗಳು ಒತ್ತಿಕೊಂಡು ಕೆಂಪಿಗೆ ತೆಳು ಹೊಳಪು ಬರುತ್ತದೆ, ಹೆರೆದ ಬಿಳಿ ತರಿತರಿಯಾಗಿಯೇ ಉಳಿಯುತ್ತದೆ. ಮೈವಳಿಕೆ ಎಂದರೆ ಇದು. ಬಣ್ಣದ ಅಂತರದ ಜೊತೆಗೆ ಮೈಯ ಅಂತರವೂ ಸೇರಿ ಆಕೃತಿ ಇನ್ನಷ್ಟು ಬಿಡಿಸಿಕೊಂಡು ಕಾಣುತ್ತದೆ. ಬದಿಯಿಂದ ಟಾರ್ಚ್ ಹಿಡಿದು ನೋಡಿ, ನೇರ ಬೆಳಕಿನಲ್ಲಿ ಅಡಗಿದ್ದ ಬ್ಲೇಡಿನ ದಿಕ್ಕೆಲ್ಲ ಕಾಣುತ್ತದೆ. ಹಳೆಯ ಗೋಡೆಗಳಲ್ಲಿ ಕೆಲಸ ಯಾವ ಕಡೆಯಿಂದ ಸಾಗಿತು, ಎಲ್ಲಿ ಕೈ ಬದಲಾಯಿತು ಎಂದು ತಿಳಿಯಲೂ ಇದೇ ಉಪಾಯ.

ಮುಂದಿನ ಎರಡು ವಾರ ನೆರಳು ಇರಲಿ, ಗೋಣಿಗೆ ದಿನಕ್ಕೆರಡು ಸಲ ನೀರು. ಚಿತ್ರದ ಮೇಲೆ ನೇರ ನೀರು ಹೊಡೆಯಬೇಡಿ. ಸುಣ್ಣ ಒಳಗಿನವರೆಗೆ ಕಲ್ಲಾಗಲು ತಿಂಗಳುಗಟ್ಟಲೆ ಬೇಕು, ಆತುರಪಟ್ಟು ವಾರ್ನಿಶ್ ಬಳಿದರೆ ಗಾಳಿ ಹೋಗದೆ ಆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಕೆಟ್ಟರೆ ಕಾರಣ ಹುಡುಕುವುದು ಕಷ್ಟವಲ್ಲ. ಜಾಲದಂಥ ಸಣ್ಣ ಬಿರುಕು ಬಿದ್ದರೆ ಸುಣ್ಣ ಹೆಚ್ಚಾಗಿದೆ ಅಥವಾ ಬೇಗ ಒಣಗಿದೆ. ಕೆಂಪು ಹಾಳೆಯಂತೆ ಎದ್ದರೆ ಬಿಳಿ ಪದರ ಆರಿದ ಮೇಲೆ ಲೇಪ ಬಿದ್ದಿದೆ, ಅಥವಾ ಲೇಪವೇ 2 ಮಿ.ಮೀ. ದಾಟಿದೆ. ತಿಂಗಳಾದ ಮೇಲೆ ಬಿಳಿ ಹೂವಿನಂತೆ ಉಪ್ಪು ಮೂಡಿದರೆ ಒಣ ಬ್ರಷ್ಷಿನಿಂದ ತೆಗೆದು, ನೀರು ಎಲ್ಲಿಂದ ಬರುತ್ತಿದೆ ನೋಡಬೇಕು. ಒದ್ದೆ ಬಟ್ಟೆಯಿಂದ ಒರೆಸಿದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಹಳೆಯ ಗೋಡೆಗೆ ಕೈ ಹಾಕುವ ಮೊದಲು

ಅಭ್ಯಾಸ ಫಲಕ ಚೆನ್ನಾಗಿ ಬಂದ ಮಾತ್ರಕ್ಕೆ ಊರ ದೇವಸ್ಥಾನದ ಗೋಡೆಗೆ ದಬ್ಬಣ ಹಿಡಿದು ಹೋಗಬಾರದು. ಮೊದಲು ಬದಿ ಬೆಳಕಿನಲ್ಲೂ ನೇರ ಬೆಳಕಿನಲ್ಲೂ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಟೊಳ್ಳು ಸದ್ದು ಬರುವ ಜಾಗಗಳನ್ನು ಫೋಟೋದ ಪ್ರತಿಯ ಮೇಲೆ ಗುರುತು ಮಾಡಿಕೊಳ್ಳಿ. ಗೋಡೆಯ ಮೇಲೆ ಗುರುತು ಹಾಕಬೇಡಿ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವುದು ಸಿಮೆಂಟು ಮತ್ತು ಪ್ಲಾಸ್ಟಿಕ್ ಪೇಂಟು. ಚಿರೆಕಲ್ಲು ನೆಲದಿಂದ ನೀರೆಳೆಯುತ್ತದೆ, ಸುಣ್ಣದ ಗಾರೆ ಅದನ್ನು ಆವಿಯಾಗಲು ಬಿಡುತ್ತದೆ. ಒಡೆದ ಜಾಗಕ್ಕೆ ಸಿಮೆಂಟು ಮೆತ್ತಿದರೆ ನೀರು ಅಲ್ಲಿ ತಡೆದು ಪಕ್ಕದ ಹಳೆಯ ಗಾರೆಯ ಮೂಲಕ ಹೊರಬರುತ್ತದೆ, ಜೊತೆಗೆ ಉಪ್ಪನ್ನೂ ತರುತ್ತದೆ. ಸಿಮೆಂಟು ಗಟ್ಟಿಯಾಗಿ ಉಳಿದು ಅದರ ಸುತ್ತಲಿನ ಚಿತ್ರ ಉದುರುವುದು ಇದರಿಂದ. ಹಾಗೆಂದು ಸಿಮೆಂಟನ್ನು ಉಳಿಯಿಂದ ಹೊಡೆದು ಕಿತ್ತರೆ ಹಳೆಯದೂ ಜೊತೆಗೆ ಬರುತ್ತದೆ. ಅದು ಸಂರಕ್ಷಣೆ ಬಲ್ಲವರ ಕೆಲಸ.

ನಿಮ್ಮದೇ ಮನೆಯ ಗೋಡೆಯಲ್ಲಿ ಅಂಗೈಯಗಲ ಬಿದ್ದುಹೋಗಿದ್ದರೆ ಮೇಲಿನ ಗಾರೆಯನ್ನೇ ಬಳಸಿ ತುಂಬಬಹುದು, ಸುತ್ತಲಿನ ಹಳೆಯ ಮೈಗಿಂತ ಒಂದು ಕೂದಲೆಳೆ ತಗ್ಗಾಗಿ. ಬಿದ್ದದ್ದು ಅಂಚಿನ ಬಳ್ಳಿಯಾಗಿದ್ದರೆ ಎಡಬಲದ ಅಲೆಯಿಂದ ನಕ್ಷೆ ತೆಗೆದು ಕೆತ್ತಬಹುದು, ಪುನರಾವರ್ತನೆಯೇ ಅದಕ್ಕೆ ಸಾಕ್ಷಿ. ಬಿದ್ದದ್ದು ದೇವರ ಮುಖ, ಕುದುರೆಯ ತಲೆ, ಕೈಯ ಮುದ್ರೆಯಂಥದ್ದಾಗಿದ್ದರೆ, ಹಳೆಯ ಫೋಟೋ ಇಲ್ಲದ ಪಕ್ಷದಲ್ಲಿ, ಬರೀ ತಿಳಿಗೆಂಪು ಗಾರೆ ತುಂಬಿ ಬಿಡಿ. ಲೇಪಕ್ಕೆ ಸುಣ್ಣ–ಕೆಂಪು 3:1 ಹಿಡಿದರೆ ಅಂಗಳದಿಂದ ನೋಡುವವರಿಗೆ ತೂತು ಕಾಣುವುದಿಲ್ಲ, ಹತ್ತಿರ ಬಂದವರಿಗೆ ಯಾವುದು ಹಳತು ಯಾವುದು ಹೊಸತು ಎಂದು ತಿಳಿಯುತ್ತದೆ. ತುಂಬಿದ ತಾರೀಕು, ಗಾರೆಯ ಅಳತೆ, ಮಣ್ಣು ತಂದ ಜಾಗ ಇಷ್ಟನ್ನು ಬರೆದು ಫೋಟೋದ ಜೊತೆಗಿಡಿ, ಮುಂದಿನ ಸಲ ಅದೇ ಗೋಡೆಗೆ ಕೈ ಹಾಕುವವರಿಗೆ ಬೇಕಾಗುತ್ತದೆ.